ನಕಲು ಪ್ರತಿ ಕೈಸೇರುವ ತನಕ

ಸರ್ಕಾರಿ ದಾಖಲೆಗಾಗಿ ಕಾಯುವುದರಲ್ಲಿ ಮೂರು ಬಗೆ. ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ದಾಖಲೆಗೆ ಕಾಯುವುದು ಒಂದು. ಯಾರಾದರೂ ವಿಚಾರಣೆ ಮಾಡಿ ಒಪ್ಪಿಗೆ ಕೊಡಬೇಕಾದ ದಾಖಲೆಗೆ ಕಾಯುವುದು ಇನ್ನೊಂದು. ರೆಕಾರ್ಡ್ ರೂಮಿನಲ್ಲಿ ಇದೆಯೆಂದು ನಂಬಲಾದ ದಾಖಲೆಗೆ ಕಾಯುವುದು ಮೂರನೆಯದು. ಮೊದಲನೆಯದಕ್ಕೆ ಕರೆಂಟು ಬೇಕು, ಎರಡನೆಯದಕ್ಕೆ ಅಧಿಕಾರಿ ಬೇಕು, ಮೂರನೆಯದಕ್ಕೆ ಮನೆದೇವರು ಬೇಕು. ತನ್ನದು ಯಾವ ಬಗೆಯೆಂದು ಮೊದಲೇ ತಿಳಿದ ಅರ್ಜಿದಾರನಿಗೆ ಬುತ್ತಿ ಕಟ್ಟಿಸಿಕೊಳ್ಳಬೇಕೋ ಬೇಡವೋ ಎಂಬುದೂ ತಿಳಿಯುತ್ತದೆ.

ಮೊದಲ ಬಗೆಗೆ ಪಹಣಿ ಒಳ್ಳೆಯ ಉದಾಹರಣೆ. ಹಿಂದೆ ಪಹಣಿ ಇರುತ್ತಿದ್ದದ್ದು ಗ್ರಾಮಲೆಕ್ಕಿಗರ ಕೈಬರಹದಲ್ಲಿ ಮತ್ತು ಅವರದೇ ವಶದಲ್ಲಿ. ರೈತ ಪಹಣಿ ಹುಡುಕುವ ಮೊದಲು ಲೆಕ್ಕಿಗರನ್ನು ಹುಡುಕಬೇಕಿತ್ತು. ಅವರ ಸುಪರ್ದಿಗೆ ಹಲವು ಹಳ್ಳಿ. ಯಾವ ಹಳ್ಳಿಗೆ ಹೋದರೂ ಅವರು ಈಗ ತಾನೇ ಪಕ್ಕದ ಹಳ್ಳಿಗೆ ಹೊರಟುಹೋಗಿರುತ್ತಿದ್ದರು. 2000ರ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಮುದ್ರಣವಾಗಿ ಬರತೊಡಗಿತು. ಲೆಕ್ಕಿಗರ ಜಾಗಕ್ಕೆ ಸರ್ವರ್ ಬಂತು. ಸರ್ವರ್ ಪಕ್ಕದ ಹಳ್ಳಿಗೆ ಹೋಗುವುದಿಲ್ಲ, ಇದ್ದಲ್ಲೇ ಇದ್ದು ಸಿಗದೆ ಹೋಗುತ್ತದೆ. “ಸರ್ವರ್ ಡೌನ್ ಐತೆ, ಊಟ ಆದ್ಮೇಲೆ ಬನ್ನಿ” ಎಂಬ ಮಾತಿಗೆ ಎದುರಾಡುವಂತಿಲ್ಲ. ಲೆಕ್ಕಿಗರಾದರೆ ಅವರ ಮಾವನ ಊರಿನವರ ಪರಿಚಯ ಹೇಳಿ ಕೆಲಸ ಸಾಧಿಸಬಹುದಿತ್ತು. ಸರ್ವರಿಗೆ ಮಾವನ ಮನೆಯಿಲ್ಲ.

ಎರಡನೆಯ ಬಗೆಗೆ ಸೇರಿದವು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು. ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಅದು ಗ್ರಾಮ ಆಡಳಿತಾಧಿಕಾರಿ, ರೆವಿನ್ಯೂ ಇನ್‌ಸ್ಪೆಕ್ಟರ್ ಹೀಗೆ ಹಂತ ಹಂತವಾಗಿ ಮೇಲಕ್ಕೆ ಹೋಗುತ್ತದೆ. ಮೊದಲು ಫೈಲು ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಅದು ಯಾವ ಮೇಜಿನ ಮೇಲಿದೆಯೆಂದು ಕಿಟಕಿಯಿಂದ ಇಣುಕಿಯಾದರೂ ನೋಡಬಹುದಿತ್ತು. ಈಗ ಅದು ಲಾಗಿನ್‌ನಿಂದ ಲಾಗಿನ್‌ಗೆ ಹೋಗುತ್ತದೆ. “ಆರ್‌ಐ ಸಾಹೇಬ್ರ ಲಾಗಿನ್‌ನಲ್ಲೈತೆ” ಎನ್ನುತ್ತಾರೆ. ಸಾಹೇಬರಾದರೋ ಚುನಾವಣೆ, ಬೆಳೆ ಸಮೀಕ್ಷೆ, ಮಂತ್ರಿಗಳ ಪ್ರವಾಸ ಇವುಗಳಲ್ಲಿ ಯಾವುದಾದರೂ ಒಂದರಲ್ಲಿರುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲಿನ ವಾರಗಳಲ್ಲಿ ಈ ಕಾಯುವಿಕೆ ಉಚ್ಛ್ರಾಯಕ್ಕೆ ಮುಟ್ಟುತ್ತದೆ. ಜೂನ್ ತಿಂಗಳ ಪ್ರಮಾಣಪತ್ರಕ್ಕೆ ಜನವರಿಯಲ್ಲೇ ಅರ್ಜಿ ಹಾಕುವುದು ಇದಕ್ಕಿರುವ ಏಕೈಕ ಮದ್ದು. ಎಲ್ಲರಿಗೂ ಗೊತ್ತಿರುವ ಈ ಮದ್ದು ಎಲ್ಲರಿಗೂ ನೆನಪಾಗುವುದು ಜೂನ್‌ನಲ್ಲಿ.

ಮೂರನೆಯ ಬಗೆಯಲ್ಲಿ ಅಜ್ಜನ ಕಾಲದ ಮ್ಯುಟೇಶನ್ ನಕಲು, ಹಳೆಯ ಕೈಬರಹದ ಪಹಣಿ, ಸಾಗುವಳಿ ಚೀಟಿ ಮುಂತಾದವು ಬರುತ್ತವೆ. ಇವು ರೆಕಾರ್ಡ್ ರೂಮಿನಲ್ಲಿ ಬಟ್ಟೆಯ ಗಂಟುಗಳೊಳಗೆ ಇರುತ್ತವೆ. ಗಂಟು ಬಿಚ್ಚಬಲ್ಲವರು ಒಬ್ಬರೇ. ಅವರು ರಜೆಯಲ್ಲಿದ್ದರೆ ಇಡೀ ವಂಶದ ಇತಿಹಾಸವೇ ರಜೆಯಲ್ಲಿದ್ದಂತೆ. ಹುಡುಕಾಟದ ಕೊನೆಗೆ ನಕಲು ಸಿಗಬಹುದು, ಇಲ್ಲವೇ ‘ದಾಖಲೆ ಶಿಥಿಲವಾಗಿದೆ’, ‘ಲಭ್ಯವಿಲ್ಲ’ ಎಂಬ ಹಿಂಬರಹ ಸಿಗಬಹುದು. ಹಿಂಬರಹವನ್ನು ತಾತ್ಸಾರ ಮಾಡಬಾರದು. ಮುಂದಿನ ಕಚೇರಿ ಕೇಳುವುದು ಅದನ್ನೇ. ದಾಖಲೆ ಇಲ್ಲ ಎಂಬುದಕ್ಕೂ ದಾಖಲೆ ಬೇಕು. ಈಚೆಗೆ ಈ ಗಂಟುಗಳನ್ನು ಬಿಚ್ಚಿ ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ಅದು ಮುಗಿದಾಗ ಮೂರನೆಯ ಬಗೆಯವರು ಮೊದಲ ಬಗೆಗೆ ಬಡ್ತಿ ಹೊಂದಿ, ಗೆದ್ದಲಿನ ಬದಲು ಸರ್ವರಿಗೆ ಕಾಯುತ್ತಾರೆ.

ಕಾಯುವವರು ಕಾಲಜ್ಞಾನ ಬಲ್ಲವರಾಗಿರಬೇಕು. ಎರಡನೇ ಮತ್ತು ನಾಲ್ಕನೇ ಶನಿವಾರ ಕಚೇರಿಗೆ ರಜೆ. ಉಳಿದ ಶನಿವಾರಗಳಲ್ಲಿ ಬಾಗಿಲು ತೆರೆದಿರುತ್ತದೆ, ಆದರೆ ಬಾಗಿಲು ತೆರೆದಿರುವುದಷ್ಟರಿಂದಲೇ ಏನನ್ನೂ ತೀರ್ಮಾನಿಸಬಾರದು. ಆಧಾರ್, ರೇಷನ್ ಕಾರ್ಡ್‌ಗಳ ಜೆರಾಕ್ಸ್ ಮನೆಯ ಹತ್ತಿರವೇ ಮಾಡಿಸಿಕೊಳ್ಳುವುದು ಲೇಸು. ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯ ಸಾಲು ಒಳಗಿನ ಸಾಲಿಗಿಂತ ಉದ್ದ. ವರಾಂಡದ ಬೆಂಚಿನಲ್ಲಿ ತನಗಿಂತ ಮೊದಲಿನಿಂದ ಕಾಯುತ್ತಿರುವವರ ಪಕ್ಕ ಕೂರಬೇಕು. ಯಾವ ಕೇಸ್ ವರ್ಕರ್ ಯಾವ ಹೊತ್ತಿಗೆ ಸೀಟಿನಲ್ಲಿರುತ್ತಾರೆ, ಯಾರನ್ನು ‘ಸಾರ್’ ಎಂದರೆ ಸಾಕು, ಯಾರನ್ನು ‘ಸಾಹೇಬ್ರೇ’ ಎನ್ನಲೇಬೇಕು ಎಂಬ ಮಾಹಿತಿ ಯಾವ ನಾಗರಿಕ ಸನ್ನದಿನಲ್ಲೂ ಇಲ್ಲ, ಆ ಬೆಂಚಿನಲ್ಲಿದೆ.

ಕಾನೂನಿನ ಆಸರೆಯೂ ಉಂಟು. 2011ರಲ್ಲಿ ಆದ ‘ಸಕಾಲ’ ಕಾಯ್ದೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂತು. ಅದರಡಿ ಅರ್ಜಿದಾರನಿಗೆ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಚೀಟಿಯೂ ಒಂದು ಗಡುವೂ ಸಿಗುತ್ತವೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಲೆಕ್ಕ ಹಾಕಿದರೆ 25 ದಿನಕ್ಕೆ ಮಿತಿ ಮುಟ್ಟುತ್ತದೆ. 26ನೇ ದಿನದಿಂದ ವಿಳಂಬ ಉಚಿತ. ಆ ಹಣವನ್ನೂ ಕೇಳಿಯೇ ಪಡೆಯಬೇಕಾದ್ದರಿಂದ ಬಹಳ ಮಂದಿ ಆ ಗೋಜಿಗೆ ಹೋಗುವುದಿಲ್ಲ. ಆದರೂ ಚೀಟಿಯ ಮಹಿಮೆ ದೊಡ್ಡದು. ಅದಿಲ್ಲದವನು ಕೇಳುವುದು “ಯಾವಾಗ ಸಾರ್ ಬರ್ಲಿ?” ಎಂದು, ಅದಿರುವವನು ಕೇಳುವುದು “ಮೊನ್ನೆಯೇ ಆಗ್ಬೇಕಿತ್ತಲ್ವಾ ಸಾರ್?” ಎಂದು. ಇದಕ್ಕೂ ಬಗ್ಗದಿದ್ದರೆ ಮೇಲ್ಮನವಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿಯ ಗತಿ ಏನಾಯಿತೆಂದು ಕೇಳಬಹುದು. ಉತ್ತರಕ್ಕೆ 30 ದಿನ ಕಾಯಬೇಕು.

ದಾಖಲೆ ಕೈಗೆ ಬಂದೊಡನೆ ಕಿಂಡಿ ಬಿಡಬಾರದು. ಹೆಸರು, ತಂದೆಯ ಹೆಸರು, ಸರ್ವೆ ನಂಬರ್, ಹಿಸ್ಸಾ ಇಷ್ಟನ್ನೂ ಅಲ್ಲೇ ನಿಂತು ಓದಬೇಕು. ಶಿವಣ್ಣ ಶಿವಮ್ಮನಾಗಿದ್ದರೆ ತಿದ್ದುಪಡಿಗೆ ಬೇರೆ ಅರ್ಜಿ, ಬೇರೆ ಸಂಖ್ಯೆ, ಬೇರೆ ಗಡುವು. ಎಲ್ಲ ಸರಿಯಿದ್ದರೆ ಹತ್ತು ಜೆರಾಕ್ಸ್ ಮಾಡಿಸಿ, ಮೂಲ ಪ್ರತಿಯನ್ನು ಟ್ರಂಕಿನಲ್ಲಿಡಬೇಕು. ಆದಾಯ ಪ್ರಮಾಣಪತ್ರದ ಆಯುಸ್ಸು 5 ವರ್ಷ. ಅಷ್ಟರೊಳಗೆ ಅದನ್ನು ಯಾವ ಟ್ರಂಕಿನಲ್ಲಿ ಇಟ್ಟಿದ್ದೆಂದು ನೆನಪಿಟ್ಟುಕೊಳ್ಳುವುದು ಅರ್ಜಿದಾರನ ಜವಾಬ್ದಾರಿ. ಅದಕ್ಕೆ ಸಕಾಲ ಅನ್ವಯಿಸುವುದಿಲ್ಲ.