ಫ್ಲೆಕ್ಸ್‌ನಲ್ಲಿ ಕ್ಷೇತ್ರದ ಹೆಸರೇ ಇಲ್ಲವಲ್ಲ, ಅಣ್ಣಾ

ಜಿಲ್ಲಾ ಪಂಚಾಯಿತಿಗೆ ನಿಲ್ಲಲು ಹೊರಟಿರುವ ನಮ್ಮ ತುಮಕೂರಿನ ಉಪ್ಪಾರಹಳ್ಳಿಯ ಅಣ್ಣನವರಿಗೆ ನಮಸ್ಕಾರ.

ಮೇಲ್ಸೇತುವೆ ಹತ್ತಿರ ಕಟ್ಟಿಸಿರುವ ನಿಮ್ಮ ಫ್ಲೆಕ್ಸ್ ನೋಡಿದೆ. ನೀವು ಕೈಮುಗಿದು ನಿಂತಿದ್ದೀರಿ, ಕಾಲಡಿಯಲ್ಲಿ ಹುಡುಗರ ಫೋಟೊಗಳ ಸಾಲು, ಹೆಸರಿನ ಕೆಳಗೆ 'ಜಿ.ಪಂ. ಆಕಾಂಕ್ಷಿ' ಎಂದಿದೆ. ಯಾವ ಕ್ಷೇತ್ರ ಎಂಬುದಿಲ್ಲ. ಹಾಕಿಸುವುದಾದರೂ ಹೇಗೆ? ನಿಮ್ಮ ಓಟಿರುವ ಗುಬ್ಬಿ ಕಡೆಯ ಊರಿನ ಕ್ಷೇತ್ರದ ಮೀಸಲಾತಿ ಯಾರಿಗೆ ಬರುತ್ತದೋ ಯಾರಿಗೂ ಗೊತ್ತಿಲ್ಲ.

ನೀವು ನಿಲ್ಲಬೇಕು ಅನ್ನುವವರಲ್ಲಿ ನಾನೂ ಒಬ್ಬ. ಜಾತಿ ಪ್ರಮಾಣಪತ್ರಕ್ಕೆ, ಹಾಸ್ಟೆಲ್ ಸೀಟಿಗೆ ಅಲೆಯುವ ಮಕ್ಕಳ ಜೊತೆ ಕಚೇರಿ ಮೆಟ್ಟಿಲು ಹತ್ತುವವರು ನೀವೇ. ಆದರೆ ಟಿಕೆಟ್ ಕೇಳಿಕೊಂಡು ಯಾರ ಮನೆ ಬಾಗಿಲಿಗೆ ಹೋಗುತ್ತಿದ್ದೀರೋ, ಚುನಾವಣೆಯನ್ನೇ ನಡೆಸದೆ ಕೂತಿರುವವರೂ ಅವರೇ ಅಲ್ಲವೇ?

ನಾವು ಕೊನೆಯ ಸಲ ಜಿಲ್ಲಾ ಪಂಚಾಯಿತಿ ಸದಸ್ಯರನ್ನು ಆರಿಸಿದ್ದು 2016ರ ಫೆಬ್ರುವರಿಯಲ್ಲಿ. ಅವಧಿ ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು ಎನ್ನುತ್ತದೆ ಸಂವಿಧಾನದ 243ಇ ವಿಧಿ. ಅವಧಿ 2021ರಲ್ಲೇ ಮುಗಿಯಿತು. ಅದೇ ವರ್ಷ ಬಿಜೆಪಿ ಸರ್ಕಾರ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟಿತು. ವಿಳಂಬಕ್ಕಾಗಿ ಸರ್ಕಾರಕ್ಕೆ ಹೈಕೋರ್ಟು 2022ರ ಡಿಸೆಂಬರಿನಲ್ಲಿ 5 ಲಕ್ಷ ರೂಪಾಯಿ ದಂಡ ಹಾಕಿತು. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರವೂ 2025ರವರೆಗೆ ಚುನಾವಣೆ ನಡೆಸಲಿಲ್ಲ. ಪಕ್ಷ ಬದಲಾಯಿತು, ಸದಸ್ಯರ ಬದಲಿಗೆ ಕೂತ ಆಡಳಿತಾಧಿಕಾರಿಯ ಕುರ್ಚಿ ಅಲುಗಲಿಲ್ಲ. ಸದಸ್ಯರಿಲ್ಲದಿದ್ದರೆ ಕಾಮಗಾರಿಯೂ ಫಲಾನುಭವಿಗಳ ಪಟ್ಟಿಯೂ ಶಾಸಕರ ಕೈಯಲ್ಲೇ ಉಳಿಯುತ್ತವೆ. ಯಾರಿಗೂ ಅವಸರವಿಲ್ಲದ್ದು ಅದಕ್ಕೇ ಎಂದು ನನ್ನ ನಂಬಿಕೆ.

ಇದು ಹಳ್ಳಿಯವರ ಕಷ್ಟ ಮಾತ್ರವಲ್ಲ. ನಮ್ಮ ಮಹಾನಗರ ಪಾಲಿಕೆಯ 35 ವಾರ್ಡುಗಳಿಗೂ 2018ರ ನಂತರ ಚುನಾವಣೆಯಾಗಿಲ್ಲ. ಚರಂಡಿ ಕಟ್ಟಿಕೊಂಡರೆ ಹೇಳಿಕೊಳ್ಳಲು ಕಾರ್ಪೊರೇಟರ್ ಇಲ್ಲ.

ಜಿಲ್ಲಾ ಪಂಚಾಯಿತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೀರಿನ ವಿಷಯ ನೋಡಿ. ಕುಣಿಗಲ್ ಕಡೆಗೆ ನೀರು ಒಯ್ಯುವ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಬೇಡವೆಂದು 2025ರ ಮೇ ತಿಂಗಳಲ್ಲಿ ಗುಬ್ಬಿ ತಾಲ್ಲೂಕಿನ ರೈತರು ಬೀದಿಗಿಳಿದರು. ಕುಣಿಗಲ್ ಕಡೆಯವರು ನಮ್ಮ ಪಾಲಿನ ನೀರು ನಮಗೆ ತಲುಪಬೇಕು ಎಂದರು. ನಾಲೆ ತೋಡುವುದು, ಬಿಡುವುದು ಜಿಲ್ಲಾ ಪಂಚಾಯಿತಿಯ ಕೈಯಲ್ಲಿಲ್ಲ, ನಿಜ. ಆದರೆ ಗುಬ್ಬಿಯ ಸದಸ್ಯರೂ ಕುಣಿಗಲ್ಲಿನ ಸದಸ್ಯರೂ ಒಂದೇ ಸಭಾಂಗಣದಲ್ಲಿ ಎದುರುಬದುರು ಕೂತು ಅಧಿಕಾರಿಗಳಿಂದ ಲೆಕ್ಕ ಕೇಳಬಹುದಾಗಿದ್ದ ಜಾಗ ಅದೊಂದೇ. ಆ ಸಭೆಯೇ ಇರಲಿಲ್ಲವಾದ್ದರಿಂದ ಎರಡೂ ಕಡೆಯವರು ಪತ್ರಿಕಾಗೋಷ್ಠಿಗಳಲ್ಲೇ ಬೈದಾಡಿಕೊಂಡರು. ಇದೇ ರಾಜ್ಯದಲ್ಲಿ 1987ರಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಆಗಿನ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ ಅಧಿಕಾರವನ್ನು ಬೆಂಗಳೂರಿನಿಂದ ಜಿಲ್ಲೆಗೆ ಇಳಿಸಿದ್ದರು. ಅಂಥ ರಾಜ್ಯ ನಮ್ಮದು, ಅದಕ್ಕೇ ಸಂಕಟವಾಗುತ್ತದೆ.

ಅಣ್ಣಾ, ನೀವು ಕರೆದರೆ ಹತ್ತು ಊರಿನ ಜನ ಬರುತ್ತಾರೆ. ಟಿಕೆಟ್ ಮಾತು ಒಂದು ತಿಂಗಳು ಬದಿಗಿಡಿ. ಗುಬ್ಬಿ, ಕುಣಿಗಲ್, ತುಮಕೂರಿನ ಆಕಾಂಕ್ಷಿಗಳನ್ನೆಲ್ಲ, ಎದುರು ಪಕ್ಷದವರನ್ನೂ ಬಿಡದೆ, ಒಟ್ಟಿಗೆ ಸೇರಿಸಿ. ಮೀಸಲಾತಿ ಪಟ್ಟಿ ಯಾವಾಗ, ಚುನಾವಣೆ ಯಾವ ತಿಂಗಳು ಎಂದು ಜಿಲ್ಲಾಧಿಕಾರಿಗಳ ಮೂಲಕ ಸರ್ಕಾರವನ್ನು ಕೇಳೋಣ. ಅರ್ಜಿ ಬರೆಯುವ ಕೆಲಸ ನನಗಿರಲಿ, ಮೊದಲ ಸಹಿ ನಿಮ್ಮದಾಗಲಿ.

ಇಂತಿ,
ಉಪ್ಪಾರಹಳ್ಳಿಯ ಒಬ್ಬ ಮತದಾರ