ಕಂಬಳಿ ರಾಯರ ಸಾಫ್ಟ್‌ಬಾಲು

ಏಪ್ರಿಲ್ ಬಂದರೆ ವಸಂತ ಬಂದಂತೆ ಎಂದು ಶಿಕಾಗೊದಲ್ಲಿ ಕ್ಯಾಲೆಂಡರು ಹೇಳುತ್ತದೆ. ಕ್ಯಾಲೆಂಡರನ್ನು ನಂಬಿ ಸಾಫ್ಟ್‌ಬಾಲ್ ಲೀಗಿನವರು ಪಂದ್ಯದ ಪಟ್ಟಿ ಹಾಕುತ್ತಾರೆ. ಪಟ್ಟಿಯನ್ನು ನಂಬಿ ನಾವು ಮೈದಾನಕ್ಕೆ ಹೋಗುತ್ತೇವೆ. ಏನನ್ನೂ ನಂಬದೆ ಬರುವವರು ಕಂಬಳಿ ರಾಯರೊಬ್ಬರೇ.

ಅವರ ನಿಜವಾದ ಹೆಸರು ಬೇರೆ. ಇಂಥವರು ಶಿಕಾಗೊಕ್ಕೆ ಒಬ್ಬರೇ ಎಂದೇನೂ ತಿಳಿಯಬೇಡಿ. ಹಿಮ ಬೀಳುವ ಊರು, ಅಲ್ಲೊಂದು ಕನ್ನಡ ಕೂಟ, ಆಫೀಸಿಗೊಂದು ಆಟದ ತಂಡ, ಇಷ್ಟು ಸೇರಿದ ಕಡೆಯಲ್ಲೆಲ್ಲ ಒಬ್ಬರು ತಾವಾಗಿ ಹುಟ್ಟಿಕೊಳ್ಳುತ್ತಾರೆ. ವಯಸ್ಸು ಐವತ್ತರ ಆಚೀಚೆ. ಸಕ್ಕರೆ ಕಾಯಿಲೆ ಗಡಿ ದಾಟಿಲ್ಲ, ಆದರೆ ಗಡಿಯಲ್ಲಿ ಕೂತಿದೆ. ಡಾಕ್ಟರು 'ಸ್ವಲ್ಪ ಓಡಾಡಿ' ಎಂದಿರುತ್ತಾರೆ. ಆ ಒಂದು ಮಾತಿಗೆ ಕಟ್ಟುಬಿದ್ದು ಆಟಕ್ಕೆ ಸೇರಿರುತ್ತಾರೆ. ಓಡಾಡುವುದಕ್ಕೆ ಬೆಚ್ಚಗಿನ ಮಾಲ್‌ಗಳೂ ಇವೆ ಎಂಬುದು ಹೊಳೆಯುವ ಹೊತ್ತಿಗೆ ಜೆರ್ಸಿಗೆ ದುಡ್ಡು ಕಟ್ಟಿ ಆಗಿರುತ್ತದೆ.

ನಮ್ಮ ರಾಯರು ರಾಯಚೂರಿನವರು. ಅವರು ಕಂಬಳಿ ರಾಯರಾದದ್ದಕ್ಕೆ ಮೂಲ ಕಾರಣ ಅಮೆರಿಕದವರ ಫ್ಯಾರನ್‌ಹೀಟ್ ಅಳತೆ. ಬಂದ ಹೊಸತರಲ್ಲಿ ಕ್ಯಾಪ್ಟನ್ ಹುಡುಗಿ ಸಂದೇಶ ಕಳಿಸಿದ್ದಳು: ಸಂಜೆ ಆಟ ಇದೆ, ನಲವತ್ತು ಡಿಗ್ರಿ, ಎಲ್ಲರೂ ಬನ್ನಿ. ನಲವತ್ತು ಎಂದೊಡನೆ ರಾಯರಿಗೆ ಊರಿನ ಮೇ ತಿಂಗಳು ನೆನಪಾಗಿ ಕಣ್ಣು ತುಂಬಿ ಬಂತಂತೆ. ಅರ್ಧ ತೋಳಿನ ಅಂಗಿ, ತೆಳ್ಳನೆಯ ಪ್ಯಾಂಟು, ಕೈಯಲ್ಲೊಂದು ತಣ್ಣನೆ ನೀರಿನ ಬಾಟಲಿ. ಕಾರಿನ ಬಾಗಿಲು ತೆಗೆದ ಮೇಲೆಯೇ ಗೊತ್ತಾದದ್ದು, ಇಲ್ಲಿಯ ನಲವತ್ತು ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಎಂದು. "ನಮ್ಮೂರಾಗ ನಲವತ್ತಂದ್ರ ನಾಯಿ ಸೈತ ನೆಳ್ಳು ಬಿಟ್ಟು ಬರಂಗಿಲ್ರಿ. ಇಲ್ಲಿ ನೋಡಿದ್ರ ನೆಳ್ಳೂ ಗಡಗಡ ನಡಗಾಕತ್ತಿತ್ತು" ಎಂದು ಈಗಲೂ ಹೇಳುತ್ತಾರೆ. ಆ ದಿನ ಏಳು ಇನ್ನಿಂಗ್ಸನ್ನು ಅವರು ಕ್ಯಾಪ್ಟನ್ ಹುಡುಗಿಯ ಕಾರಿನ ಹೀಟರಿನ ಮುಂದೆ ಕೂತು ಮುಗಿಸಿದರು.

ಮುಂದಿನ ಸಲ ಊರಿಗೆ ಹೋದಾಗ ಸಂತೆಯಲ್ಲಿ ಕುರುಬರು ನೇಯ್ದ ಕರಿ ಕಂಬಳಿ ಕೊಂಡರು. ವಿಮಾನದ ಪೆಟ್ಟಿಗೆಗೆ ಇಪ್ಪತ್ಮೂರು ಕಿಲೋ ಮಿತಿ. ಕಂಬಳಿಗೆ ಜಾಗ ಮಾಡಲು ಅವರ ಮನೆಯವರು ಶೇಂಗಾ ಚಟ್ನಿಪುಡಿಯನ್ನೂ ಎರಡು ಡಜನ್ ಖಡಕ್ ರೊಟ್ಟಿಯನ್ನೂ ತ್ಯಾಗ ಮಾಡಬೇಕಾಯಿತು. ಆ ಲೆಕ್ಕ ಅವರಿಬ್ಬರ ನಡುವೆ ಇವತ್ತಿಗೂ ಚುಕ್ತಾ ಆಗಿಲ್ಲ. "ಮನ್ಯಾಗ ಕಪಾಟು ಖಾಲಿ ಆತಂದ್ರ ತಿಳೀತದ, ಇವತ್ತ ಆಟ ಅದ ಅಂತ" ಎನ್ನುತ್ತಾರೆ ಆಕೆ.

ಕಪಾಟು ಖಾಲಿಯಾಗುವುದು ಹೇಗೆಂದು ನಾನೇ ಒಮ್ಮೆ ಎದುರು ಕೂತು ನೋಡಿದ್ದೇನೆ. ಮೊದಲು ಮೈಗಂಟುವ ಥರ್ಮಲ್. ಹತ್ತಿಯ ಬನಿಯನ್ನು ಕೂಡದು. ಹತ್ತಿ ಬೆವರು ಕುಡಿದು ಒದ್ದೆಯಾಗಿ ಮೈಯ ಬಿಸಿಯನ್ನೇ ಹೀರುತ್ತದೆ, ಉಣ್ಣೆಯಾದರೆ ಒದ್ದೆಯಾದರೂ ಅಷ್ಟಿಷ್ಟು ಬಿಸಿ ಹಿಡಿದಿಡುತ್ತದೆ ಎಂದು ರಾಯರ ವಾದ, ಮತ್ತು ಅದು ನಿಜ. ಅದರ ಮೇಲೆ ಅಕ್ಕ ಹೆಣೆದ ಸ್ವೆಟರು. ಅದರ ಮೇಲೆ ತೋಳಿಲ್ಲದ ಇನ್ನೊಂದು. ಮೇಲೊಂದು ಗಾಳಿ ತಡೆಯುವ ಜಾಕೆಟ್ಟು. ಕೊರಳಿಗೆ ಮಫ್ಲರು, ತಲೆಗೆ ಮಂಕಿ ಟೋಪಿ, ಟೋಪಿಯ ಮೇಲೆ ತಂಡದ ಟೋಪಿ. ಜೆರ್ಸಿ ಎಲ್ಲಕ್ಕಿಂತ ಹೊರಗೆ ಕಾಣಬೇಕೆಂಬ ನಿಯಮ ಇರುವುದರಿಂದ ರಾಯರು ತಮಗಿಂತ ಮೂರು ಅಳತೆ ದೊಡ್ಡದನ್ನು ಹೊಲಿಸಿಕೊಂಡಿದ್ದಾರೆ. ಆದರೂ ಬೆನ್ನಿನ ಮೇಲಿನ 8 ಹಿಗ್ಗಿ ಎರಡು ಸೊನ್ನೆಯಾಗಿದೆ.

ಇಷ್ಟೆಲ್ಲ ಯಾಕೆ ಎಂದರೆ ಸಿದ್ಧಾಂತ ಬರುತ್ತದೆ. "ಬೆಚ್ಚಗ ಇಡೋದು ಬಟ್ಟಿ ಅಲ್ರಿ, ಬಟ್ಟಿ ಬಟ್ಟಿ ನಡುವ ಸಿಕ್ಕಿಬಿದ್ದ ಗಾಳಿ." ವಿಜ್ಞಾನವೂ ಇದನ್ನೇ ಹೇಳುತ್ತದೆ. ಆ ಲೆಕ್ಕದಲ್ಲಿ ಮೈದಾನಕ್ಕೆ ಬರುವುದರಲ್ಲಿ ರಾಯರಿಗಿಂತ ಗಾಳಿಯ ಪಾಲೇ ಹೆಚ್ಚು.

ಕಾಲಿನ ವಿಷಯದಲ್ಲಿ ಮಾತ್ರ ಸಿದ್ಧಾಂತ ಕೈಕೊಟ್ಟಿತು. ಮೂರು ಜೊತೆ ಕಾಲುಚೀಲ ಹಾಕಿ ಬೂಟಿಗೆ ತುರುಕಿದರೆ ಬಿಗಿತಕ್ಕೆ ರಕ್ತವೇ ಇಳಿಯದೆ ಬೆರಳು ಇನ್ನೂ ತಣ್ಣಗಾಯಿತು. ಈಗ ಒಂದೇ ಜೊತೆ ಉಣ್ಣೆಯದು, ಅದರ ಮೇಲೆ ಡೆವಾನ್ ಅವೆನ್ಯೂನ ಭಾರತೀಯ ಅಂಗಡಿಯಲ್ಲಿ ತರಕಾರಿ ಹಾಕಿಕೊಟ್ಟ ಪ್ಲಾಸ್ಟಿಕ್ ಚೀಲ. ಇಲ್ಲಿಯ ಹಳಬರು ಮಕ್ಕಳ ಕಾಲಿಗೆ ಬ್ರೆಡ್ಡಿನ ಚೀಲ ಕಟ್ಟಿ ಹಿಮಕ್ಕೆ ಕಳಿಸುತ್ತಿದ್ದರಂತೆ. ರಾಯರು ಅದನ್ನು ಮೆಂತ್ಯ ಸೊಪ್ಪಿನ ಚೀಲಕ್ಕೆ ಒಗ್ಗಿಸಿಕೊಂಡಿದ್ದಾರೆ. ಓಡಿದರೆ ಚರಪರ ಸದ್ದು. ಹಿಂದಿನಿಂದ ಯಾರೋ ಹುರಿಗಾಳಿನ ಪೊಟ್ಟಣ ಬಿಚ್ಚುತ್ತಿದ್ದಾರೆ ಎಂದು ಎದುರು ತಂಡದವರು ಎರಡೆರಡು ಬಾರಿ ತಿರುಗಿ ನೋಡುತ್ತಾರೆ.

ಕೈಗೆ ಬೇರೆ ಏರ್ಪಾಟು. ಅಂಗಡಿಯಲ್ಲಿ ಸಣ್ಣ ಪೊಟ್ಟಣಗಳು ಸಿಗುತ್ತವೆ. ಒಳಗೆ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ಒಂದಿಷ್ಟು ನೀರಿನ ಪಸೆ. ಹೊರಗಿನ ಹಾಳೆ ಹರಿದರೆ ಗಾಳಿ ತಾಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತದೆ. ಗಂಟೆಗಟ್ಟಲೆ ಆರುವುದಿಲ್ಲ. ರಾಯರು ಇದಕ್ಕೆ 'ಕಿಸೆ ಅಗ್ಗಿಷ್ಟಿಕೆ' ಎಂದು ಹೆಸರಿಟ್ಟಿದ್ದಾರೆ. ಪ್ಯಾಂಟಿಗೆ ಎರಡು, ಜಾಕೆಟ್ಟಿಗೆ ಎರಡು, ಎದೆಯ ಜೇಬಿಗೆ ಒಂದು. "ನಮ್ಮ ಮನಿ ಗೇಟು ಇಪ್ಪತ್ತು ವರ್ಷದಿಂದ ತುಕ್ಕು ಹಿಡೀಲಿಕ್ಕತ್ತದ. ಯಾರಾರ ಒಬ್ಬರು ಅದರ ಮುಂದ ಕೈ ಕಾಸಿಕೊಂಡ್ರೇನು?" ಎಂದು ಅವರ ಮನೆಯವರ ಪ್ರಶ್ನೆ. ಉತ್ತರ ಇದೆ. ಗೇಟಿನ ತುಕ್ಕೂ ಬಿಸಿ ಕೊಡುತ್ತದೆ, ನಿಧಾನವಾಗಿ, ಇಪ್ಪತ್ತು ವರ್ಷಕ್ಕೆ ಹಂಚಿ. ಆದರೆ ಈ ಉತ್ತರವನ್ನು ರಾಯರು ಮನೆಯಲ್ಲಿ ಕೊಟ್ಟದ್ದನ್ನು ಯಾರೂ ಕೇಳಿಲ್ಲ.

ತಲೆಯ ವಿಚಾರವಾಗಿ ಒಮ್ಮೆ ಜಗಳವೇ ಆಯಿತು. ಮೈಯ ಅರ್ಧ ಬಿಸಿ ತಲೆಯಿಂದಲೇ ಹೋಗುತ್ತದೆ ಎಂದು ರಾಯರು ಅಂದರು. ನಮ್ಮ ತಂಡದ ವೈದ್ಯಕೀಯ ವಿದ್ಯಾರ್ಥಿನಿ ಅದು ಹಳೆಯ ಕಟ್ಟುಕತೆ, ತಲೆ ಮೈಯ ಹತ್ತನೆಯ ಒಂದು ಪಾಲು, ಬಿಸಿ ಹೋಗುವುದೂ ಹೆಚ್ಚುಕಡಿಮೆ ಅಷ್ಟೇ ಎಂದಳು. ರಾಯರು ಎರಡೂ ಟೋಪಿ ತೆಗೆದು ನುಣ್ಣನೆಯ ತಲೆಯನ್ನು ಅವಳ ಮುಂದೆ ಬಗ್ಗಿಸಿ, "ಆ ಲೆಕ್ಕ ಕೂದಲ ಇದ್ದವರದವ್ವಾ" ಎಂದರು.

ರಾಯರಿಗೆ ನಿಜವಾದ ಸಿಟ್ಟು ಇರುವುದು ಚಳಿಯ ಮೇಲಲ್ಲ, ಚರಿತ್ರೆಯ ಮೇಲೆ. ಸಾಫ್ಟ್‌ಬಾಲ್ ಹುಟ್ಟಿದ್ದು ಇದೇ ಶಿಕಾಗೊದಲ್ಲಿ, 1887ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಅಂದರೆ ನವೆಂಬರ್ ಕೊನೆ, ಹೊರಗೆ ಚಳಿ. ಫ್ಯಾರಗಟ್ ಬೋಟ್ ಕ್ಲಬ್ಬಿನ ಒಳಗೆ ಒಂದಷ್ಟು ಯುವಕರು ಹಾರ್ವರ್ಡ್ ಮತ್ತು ಯೇಲ್ ನಡುವಿನ ಫುಟ್‌ಬಾಲ್ ಪಂದ್ಯದ ಫಲಿತಾಂಶ ಕಾಯುತ್ತಾ ಕೂತಿದ್ದರು. ಯೇಲ್ ಗೆದ್ದ ಸುದ್ದಿ ಬಂದ ಗದ್ದಲದಲ್ಲಿ ಒಬ್ಬ ಬಾಕ್ಸಿಂಗ್ ಗ್ಲೌಸ್ ಎಸೆದ, ಇನ್ನೊಬ್ಬ ಕೋಲಿನಿಂದ ಹೊಡೆದ. ಜಾರ್ಜ್ ಹ್ಯಾನ್‌ಕಾಕ್ ಎಂಬ ವರದಿಗಾರ ಆ ಗ್ಲೌಸನ್ನೇ ಬಿಗಿದು ಚೆಂಡು ಮಾಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪೊರಕೆಯ ಹಿಡಿಯನ್ನು ಬ್ಯಾಟು ಮಾಡಿ ಆಟ ಶುರುಮಾಡಿಸಿದ. ಒಳಾಂಗಣ ಬೇಸ್‌ಬಾಲ್ ಎಂದೇ ಅದರ ಮೊದಲ ಹೆಸರು. ಮುಂದಿನ ವರ್ಷ ಹವೆ ಸುಧಾರಿಸಿದಾಗ ಆಟವನ್ನು ಬಯಲಿಗೆ ತಂದರು.

"ನೋಡ್ರಿ, ಥಂಡಿ ತಪ್ಪಿಸಿಕೊಳ್ಳಾಕ ಹುಟ್ಟಿದ ಆಟ ಇದು" ಎಂದು ರಾಯರು ಪ್ರತಿ ಏಪ್ರಿಲ್‌ನಲ್ಲೂ ಒಬ್ಬ ಹೊಸಬನನ್ನು ಹಿಡಿದು ಹೇಳುತ್ತಾರೆ. "ಒಳಗ ಕುಂತು ಆಡೂದನ್ನ ಹೊರಗ ತಂದಾಂವ ಯಾಂವ? ಅವನ ಹೆಸರು ಯಾಕ ಯಾರೂ ಬರದಿಟ್ಟಿಲ್ಲ?" ಅದೇ ಉಸಿರಿನಲ್ಲಿ ಇನ್ನೊಂದು ದೂರು. 1926ರಲ್ಲಿ ಇದಕ್ಕೆ ಸಾಫ್ಟ್‌ಬಾಲ್ ಎಂಬ ಹೆಸರು ಸೂಚಿಸಿದವರು ವಾಲ್ಟರ್ ಹಕಾನ್ಸನ್, ವೈಎಂಸಿಎಯವರು. ಪುಣ್ಯಾತ್ಮ ಚೆಂಡನ್ನು ಬೇಸಿಗೆಯಲ್ಲಿ ಮುಟ್ಟಿ ನೋಡಿರಬೇಕು. ಚಳಿಯಲ್ಲಿ ಈ ದೊಡ್ಡ ಮೂಸಂಬಿ ಕಲ್ಲಾಗುತ್ತದೆ, ಬ್ಯಾಟಿಗೆ ತಾಗಿದರೆ ಅಂಗೈಯಿಂದ ಹಲ್ಲಿನವರೆಗೆ ಜುಮ್ಮೆನ್ನುತ್ತದೆ. ಶಿಕಾಗೊದವರ ಸ್ವಂತ ಆಟವಂತೂ ಸುಲಿದ ತೆಂಗಿನಕಾಯಿಯಷ್ಟು ದಪ್ಪದ, ಹದಿನಾರು ಇಂಚು ಸುತ್ತಳತೆಯ ಚೆಂಡಿನದು, ಅದನ್ನು ಬರಿಗೈಯಲ್ಲಿ ಹಿಡಿಯುತ್ತಾರೆ. ರಾಯರು ನಮ್ಮ ಹನ್ನೆರಡು ಇಂಚಿನ ತಂಡಕ್ಕೆ ಸೇರಿದ್ದೇ ಒಂದು ಕೈಗಾದರೂ ಗ್ಲೌಸ್ ಸಿಗುತ್ತದೆ ಎಂದು.

ಅವರನ್ನು ನಿಲ್ಲಿಸುವುದು ಬಲಗಡೆಯ ದೂರದ ಮೂಲೆಯಲ್ಲಿ. ಅಲ್ಲಿಗೆ ಚೆಂಡು ಬರುವುದು ಅಪರೂಪ, ಬಿಸಿಲು ಬರುವುದು ಖಾತ್ರಿ. ಬಿಸಿಲು ಸರಿದಂತೆ ರಾಯರೂ ಸರಿಯುತ್ತಾರೆ. ಆರು ಗಂಟೆಗೆ ಅವರು ಎಲ್ಲಿರುತ್ತಾರೆ, ಏಳಕ್ಕೆ ಎಲ್ಲಿರುತ್ತಾರೆ ಎಂದು ನೋಡಿ ಗಡಿಯಾರ ಸರಿಮಾಡಿಕೊಳ್ಳಬಹುದು. ಸರೋವರದ ಕಡೆಯಿಂದ ಗಾಳಿ ತಿರುಗಿತೋ, ಮೈ ಕಾಯಿಸಿಕೊಳ್ಳಲು ಕೋಲಾಟದ ಹೆಜ್ಜೆ ಹಾಕುತ್ತಾ ತೋಳುಗಳನ್ನು ಎಡಕ್ಕೂ ಬಲಕ್ಕೂ ಬಡಿದುಕೊಳ್ಳುತ್ತಾರೆ. ಈ ಆಟದಲ್ಲಿ ಗುಟ್ಟಿನ ಸನ್ನೆಗಳು ಬಹಳ. ಹೋದ ವರ್ಷ ಎದುರು ತಂಡದ ಕೋಚ್ ಮೂರು ಇನ್ನಿಂಗ್ಸ್ ರಾಯರ ಸನ್ನೆಗಳನ್ನೇ ಚೀಟಿಯಲ್ಲಿ ಬರೆದುಕೊಂಡು ತಮ್ಮವರಿಗೆ ಎಚ್ಚರಿಕೆ ಕೊಡುತ್ತಿದ್ದ.

ಅದೇ ಪಂದ್ಯದಲ್ಲಿ ಆಗಬಾರದ್ದು ಆಯಿತು. ಚೆಂಡು ರಾಯರತ್ತ ಬಂತು. ಎತ್ತರದಿಂದ, ಸಾವಕಾಶವಾಗಿ, ಯೋಚಿಸಲು ಬೇಕಾದಷ್ಟು ಸಮಯ ಕೊಟ್ಟು ಬಂತು. ರಾಯರ ಎಡಗೈ ಗ್ಲೌಸಿನಲ್ಲಿ, ಬಲಗೈ ಅಗ್ಗಿಷ್ಟಿಕೆಯಲ್ಲಿ. ಎರಡನ್ನೂ ಮೇಲೆತ್ತಲು ನೋಡಿದರು. ಎರಡು ಸ್ವೆಟರು, ಒಂದು ಜಾಕೆಟ್ಟು ಸೇರಿ ಭುಜದ ಮಟ್ಟಕ್ಕಿಂತ ಮೇಲೆ ತೋಳು ಏಳುವುದಿಲ್ಲ ಎಂಬ ಸತ್ಯ ಅವರಿಗೆ ಆಗಲೇ ಗೊತ್ತಾದದ್ದು. ಚೆಂಡು ಧೊಪ್ಪನೆ ಎದೆಗೆ ಬಿತ್ತು. ರಾಯರಿಗೆ ಏನೂ ತಾಗಲಿಲ್ಲ. ಚೆಂಡು ಕೆಳಗೂ ಬೀಳಲಿಲ್ಲ. ಅವರು ಸುತ್ತ ಹುಲ್ಲಿನಲ್ಲಿ ಹುಡುಕುತ್ತಿದ್ದರೆ ಅದು ಮಫ್ಲರಿನ ಮಡಿಕೆಯಲ್ಲಿ ಬೆಚ್ಚಗೆ ಕೂತಿತ್ತು. ಅಂಪೈರು ಬಂದು, ಕೈಯಲ್ಲೋ ಗ್ಲೌಸಿನಲ್ಲೋ ಹಿಡಿದರೆ ಕ್ಯಾಚು, ಬಟ್ಟೆಯಲ್ಲಿ ಸಿಕ್ಕಿಕೊಂಡದ್ದು ಕ್ಯಾಚಲ್ಲ ಎಂದು ತೀರ್ಪು ಕೊಟ್ಟರು.

"ಇದು ಬಟ್ಟಿ ಅಲ್ರಿ ಸರ್, ನನ್ನ ಚರ್ಮ" ಎಂದರು ರಾಯರು. ಅದನ್ನು ಇಂಗ್ಲಿಷಿಗೆ ತರುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಬ್ಯಾಟು ಹಿಡಿದಾಗಲೂ ಇದೇ ಅಂಪೈರರ ಕಾಟ. ಕಾಂಪೊಸಿಟ್ ಬ್ಯಾಟುಗಳು ಚಳಿಗೆ ಬಿರುಕು ಬಿಡುತ್ತವೆ, ಸುಮಾರು 15 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಆಡಬೇಡಿ ಎಂದು ತಯಾರಕರೇ ಎಚ್ಚರಿಸುತ್ತಾರೆ. ಹಾಗಾಗಿ ರಾಯರು ಬ್ಯಾಟನ್ನು ಹಸುಗೂಸಿನಂತೆ ಕಂಬಳಿಯಲ್ಲಿ ಸುತ್ತಿ, ಮಗ್ಗುಲಿಗೆ ಎರಡು ತುಕ್ಕಿನ ಪೊಟ್ಟಣ ಇಟ್ಟಿದ್ದರು. ಬ್ಯಾಟನ್ನು ಹಾಗೆ ಬಿಸಿಮಾಡಕೂಡದು ಎಂದು ಅಂಪೈರು ಪೊಟ್ಟಣ ತೆಗೆಸಿದರು. ರಾಯರು ತಡೆದು ಕೇಳಿದರು, ಆಟಗಾರನನ್ನು ಬಿಸಿಮಾಡಬಹುದೋ? ಅಂಪೈರು ಸ್ವಲ್ಪ ಹೊತ್ತು ಯೋಚಿಸಿ, ಅದಕ್ಕೆ ನಿಯಮ ಇಲ್ಲ ಎಂದರು. ರಾಯರು ಆ ಎರಡು ಪೊಟ್ಟಣವನ್ನೂ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಹೊಡೆದರು. ಹೊಡೆತ ಚೆನ್ನಾಗಿಯೇ ಬಿತ್ತು.

ಆದರೆ ರಾಯರು ಓಡುವುದೆಂದರೆ ತೇರು ಹೊರಟ ಹಾಗೆ. ಮೊದಲ ಅಲುಗಾಟಕ್ಕೆ ಊರೆಲ್ಲ ಕೂಗಬೇಕು. ಹೊರಟ ಮೇಲೆ ಗಾಲಿಗೆ ಮರದ ತುಂಡು ಕೊಡುವವರಿಲ್ಲದಿದ್ದರೆ ನಿಲ್ಲುವುದಿಲ್ಲ. ಮೊದಲ ಬೇಸನ್ನು ದಾಟಿ ಮುಂದಕ್ಕೆ ಓಡಿಹೋದರೆ ತಪ್ಪಿಲ್ಲ, ಆಟದಲ್ಲಿ ಅದಕ್ಕೆ ವಿನಾಯಿತಿ ಇದೆ. ಎರಡನೆಯದಕ್ಕೆ ಇಲ್ಲ. ರಾಯರು ಎರಡನೆಯದನ್ನೂ ದಾಟಿ, ಚರಪರ ಸದ್ದು ಮಾಡುತ್ತಾ ಹುಲ್ಲಿನ ಮೇಲೆ ಹತ್ತು ಹೆಜ್ಜೆ ಹೋದ ಮೇಲೆ ನಿಂತರು. ಚೆಂಡು ಹಿಡಿದವನು ಆತುರವಿಲ್ಲದೆ ನಡೆದುಕೊಂಡು ಬಂದು ಮುಟ್ಟಿ ಔಟ್ ಮಾಡಿದ.

ಅವತ್ತು ಐದನೆಯ ಇನ್ನಿಂಗ್ಸಿಗೆ ಆಲಿಕಲ್ಲು ಬೆರೆತ ಮಳೆ ಹಿಡಿಯಿತು. ಆಟ ನಿಂತಿತು. ಉಳಿದವರೆಲ್ಲ ದುಬಾರಿ ಜಾಕೆಟ್ಟುಗಳಲ್ಲಿ ತೊಪ್ಪೆಯಾಗಿ ಡಗ್‌ಔಟಿಗೆ ಓಡಿಬಂದರೆ ರಾಯರು ಕಂಬಳಿ ಕೊಪ್ಪೆ ಹೊದ್ದು, ಊರ ಹೊಲದಿಂದ ಬರುವವರಂತೆ ನಿಧಾನವಾಗಿ ನಡೆದು ಬಂದರು. ಕೊಪ್ಪೆ ಬಿಚ್ಚಿ ಕೊಡವಿ ಬೆಂಚಿನ ಮೇಲೆ ಹರಡಿದರು. ಫ್ಲಾಸ್ಕಿನಿಂದ ಶುಂಠಿ ಚಾ, ಅಲ್ಯುಮಿನಿಯಂ ಹಾಳೆಯಿಂದ ಮಿರ್ಚಿ, ಡಬ್ಬಿಯಿಂದ ಒಗ್ಗರಣೆ ಹೊರಬಂದವು. ಸ್ವಲ್ಪ ಹೊತ್ತಿಗೆ ಆ ಕಂಬಳಿಯ ಒಳಗೆ ಕ್ಯಾಪ್ಟನ್ ಹುಡುಗಿ, ತಲೆಯ ಲೆಕ್ಕ ಹೇಳಿದ ವಿದ್ಯಾರ್ಥಿನಿ, ನಾನು, ಮತ್ತು ಎದುರು ತಂಡದ ಪಿಚ್ಚರು. ಅಂಪೈರು ಕಾಲು ಮಾತ್ರ ಒಳಗಿಟ್ಟಿದ್ದರು. ನಿಷ್ಪಕ್ಷಪಾತ ಕಾಣಬೇಕಲ್ಲ.

ಪಿಚ್ಚರು ತನ್ನ ಚಾದಿಂದ ಒಂದು ಕರಿ ಎಳೆ ಎತ್ತಿ ಎಲ್ಲರಿಗೂ ತೋರಿಸಿದಳು.

"ಕಂಬಳ್ಯಾಗ ಕುಂತು ಉಣ್ಣಾಕ ಬಂದಾವ್ರು ಕೂದಲಾ ಆರಸಬಾರದ್ರಿ" ಎಂದರು ರಾಯರು, ಕಂಬಳಿಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅರ್ಧ ಹೊರಗೆ ಕೂತು, ಐದನೆಯ ಪೊಟ್ಟಣವನ್ನು ಹರಿಯುತ್ತಾ. ಅವಳಿಗೆ ಅರ್ಥವಾಗದಿದ್ದದ್ದು ನೋಡಿ ಪಕ್ಕಕ್ಕೆ ಸರಿದು ಶುರುಮಾಡಿದರು: "ಏನಂದ್ರ, 1887ರಾಗ ಇದೇ ಊರಾಗ ಒಂದು ಬೋಟ್ ಕ್ಲಬ್ ಇತ್ತವ್ವಾ…"