ವಿಕಿಕರ್ತೃತ್ವ ನಿರ್ಣಯ: ಒಂದು ಗಿಟ್‌ಮೀಮಾಂಸೆ

‘ಕವಿರಾಜಮಾರ್ಗ’ವನ್ನು ಬರೆದವನು ಚಕ್ರವರ್ತಿ ನೃಪತುಂಗನೋ ಕವಿ ಶ್ರೀವಿಜಯನೋ ಎಂಬ ವಾಗ್ವಾದಕ್ಕೆ ನಮ್ಮ ವಿದ್ವಾಂಸರು ಸುರಿದ ಶಾಯಿಯನ್ನು ನೆನೆದರೆ ಪ್ರಸ್ತುತ ಪ್ರಬಂಧಕಾರನಿಗೆ ಮರುಕ ಹುಟ್ಟುತ್ತದೆ. ಒಂಬತ್ತನೆಯ ಶತಮಾನದ ಮಾನ್ಯಖೇಟದಲ್ಲಿ ಗಿಟ್ ಇರಲಿಲ್ಲ. ಅನರ್ಥಕ್ಕೆಲ್ಲ ಅದೇ ಮೂಲ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರಚಿಸಿದ, ತಿದ್ದುಪಡಿಗಳ ಚರಿತ್ರೆ ಕಾಯುವ ಈ ತಂತ್ರಾಂಶವು ಪ್ರತಿ ಕಮಿಟ್‌ನಲ್ಲೂ, ಅಂದರೆ ದಾಖಲಾದ ಪ್ರತಿ ಬದಲಾವಣೆಯಲ್ಲೂ, ಎರಡು ಹೆಸರು ಬರೆದಿಡುತ್ತದೆ: ಬರೆದ ಆಥರ್‌ನದೊಂದು, ಭಂಡಾರಕ್ಕೆ ಸೇರಿಸಿದ ಕಮಿಟರ್‌ನದೊಂದು. ಗ್ರಂಥವೇ ತಾನು ನೃಪತುಂಗನಿಗೆ ಸಮ್ಮತವಾದದ್ದೆಂದು ಸಾರುತ್ತಿರುವಾಗ ಆಥರ್ ಶ್ರೀವಿಜಯ, ಕಮಿಟರ್ ಚಕ್ರವರ್ತಿ. ವಿವಾದ ಮುಗಿಯಿತು; ಪಿಎಚ್.ಡಿ. ಅಭ್ಯರ್ಥಿಗಳು ಬೇರೆ ವಿಷಯ ನೋಡಿಕೊಳ್ಳತಕ್ಕದ್ದು.

ಇನ್ನು ಪ್ರಕೃತಕ್ಕೆ ಬರೋಣ. ಗಿಟ್ಟನ್ನೇ ಉಗ್ರಾಣ ಮಾಡಿಕೊಂಡ ವಿಕಿಯಲ್ಲಿ ಯಾರೋ ಬ್ರೌಸರ್ ತೆರೆದು ಒಂದು ಕಾಗುಣಿತ ತಿದ್ದುತ್ತಾರೆ. ಕಮಿಟ್ ಮಾಡುವುದು ಮಾತ್ರ ಸರ್ವರ್. ಅದು ತನ್ನ ಹೆಸರನ್ನೇ ಎರಡೂ ಕಡೆ ಬರೆದುಕೊಂಡರೆ ಇಡೀ ವಿಶ್ವಕೋಶವನ್ನು ‘ವಿಕಿ’ ಎಂಬ ಏಕೈಕ ಮಹಾನುಭಾವನೇ ರಚಿಸಿದಂತೆ ಕಾಣುತ್ತದೆ. ವ್ಯಾಸರಿಗೂ ಇಷ್ಟು ಹೊರೆ ಬಿದ್ದಿರಲಿಲ್ಲ. ಯಾವ ಸಾಲು ಯಾರದೆಂದು ಹೇಳುವ ಗಿಟ್ ಬ್ಲೇಮ್ ಓಡಿಸಿದರೆ ಕೆಡಿಸಿದವನೂ ಅವನೇ, ತಿದ್ದಿದವನೂ ಅವನೇ.

ಇಕಿವಿಕಿ ಎಂಬ ವಿಕಿ ತಂತ್ರಾಂಶದ ಸಂಪ್ರದಾಯದಲ್ಲಿ ಇದಕ್ಕೆ ಎರಡು ಪರಿಹಾರಗಳು ದೊರೆಯುತ್ತವೆ. ಪೂರ್ವಪದ್ಧತಿಯಲ್ಲಿ ‘ಇಂಥವರಿಂದ ವೆಬ್ ಕಮಿಟ್’ ಎಂದು ಹೆಸರನ್ನು ಸಂದೇಶದ ಒಡಲಲ್ಲೇ ಹುದುಗಿಸುತ್ತಿದ್ದರು. ಆಮೇಲೆ ಅದನ್ನು ಪಠ್ಯದ ಮಾದರಿ ಹುಡುಕುವ ರೆಜೆಕ್ಸ್ ಎಂಬ ಇಕ್ಕುಳದಿಂದ ಹೊರಗೆಳೆಯಬೇಕಿತ್ತು. (ವಚನಗಳ ಅಂಕಿತವೂ ಒಡಲಲ್ಲೇ ಇರುತ್ತದೆ. ಆದರೆ ಅಲ್ಲಿ ಸಿಗುವುದು ಹೆಚ್ಚಾಗಿ ದೇವರ ಹೆಸರು. ರೆಜೆಕ್ಸ್ ಓಡಿಸಿದರೆ ಬಹುಪಾಲು ವಚನಗಳ ರಾಯಧನ ಶಿವನಿಗೇ ಹೋದೀತು.) ಉತ್ತರಪದ್ಧತಿಯಲ್ಲಿ ಹೆಸರು ಆಥರ್ ಸ್ಥಾನಕ್ಕೆ ಏರಿತು, ಮಗ್ಗುಲಲ್ಲಿ ‘ಕಿಟ್ಟಿ@ವೆಬ್’ ಎಂಬಂಥ ವಿಳಾಸ. ಯಾವ ಅಂಚೆಯವನೂ ಆ ಮನೆ ಕಂಡಿಲ್ಲ. ಕಮಿಟರ್ ಜಾಗದಲ್ಲಿ ವಿಕಿಯೇ ಉಳಿಯಿತು. ಲಾಗಿನ್ ಆಗದವರಿಗೆ ಐಪಿ ಸಂಖ್ಯೆಯೇ ನಾಮಧೇಯ: ಕುಲಗೋತ್ರ ತಿಳಿಯದಿದ್ದರೂ ಅಜ್ಞಾತಕರ್ತೃವಿನ ರೂಟರ್ ತಿಳಿಯಿತು.

ಇಲ್ಲಿ ಪೂರ್ವಪಕ್ಷಿಗಳು ಎದ್ದು ನಿಲ್ಲುತ್ತಾರೆ: ಗಿಟ್ ಸಾಕ್ಷಿ ಕೇಳುವುದೇ ಇಲ್ಲವಲ್ಲ? ನಿಜ. ಹೆಸರಿನ ಮುಂದೆ ಕೋನಾವರಣದೊಳಗೆ ಇಮೇಲ್‌ನಂಥದ್ದೊಂದು ಇದ್ದರೆ ಸಾಕು, ಆಥರ್ ಪಂಪನೆಂದರೂ ತೆಪ್ಪಗೆ ಬರೆದುಕೊಳ್ಳುತ್ತದೆ. ಆದರೆ ಕಾಲದ ವಿಷಯದಲ್ಲಿ ಅದು ಬಲು ಬಿಗಿ. ಅದರ ಶಕೆ ಶುರುವಾಗುವುದೇ 1970ರ ಜನವರಿ 1ರಂದು. ಪಂಪನ ಕಾಲದ್ದೆಂದು 941ರ ತಾರೀಖು ಕೊಟ್ಟರೆ ತಿರಸ್ಕರಿಸುತ್ತದೆ. ಯಂತ್ರಪ್ರಮಾಣವನ್ನು ಮೀರುವಂತಿಲ್ಲವಾದ್ದರಿಂದ ಪಂಪನ ಕಾಲವನ್ನು ಈಚೆಗೆ ಎಳೆಯುವುದು ಅನಿವಾರ್ಯ. ಅದನ್ನು ಸಾಧಿಸುವ ಪ್ರಬಂಧ ಅಚ್ಚಿನಲ್ಲಿದೆ.